ಚಕ್ಕುಲಿ ಒರಳೂ ಹಿಂದಿನ ಬ್ರೇಕೂ

ಮದುವೆಯಾಗಿ ಕೋಲಾರದಿಂದ ಹಾನಗಲ್ಲಿಗೆ ಬಂದವಳು ನಾನು. ಆರು ವರ್ಷದಿಂದ ನೋಡದ ತಮ್ಮನ ಮನೆಗೆ ಮರುದಿನ ಸೊಸೆ ರೇಣುಕಾ ನನ್ನನ್ನು ಕಾರಿನಲ್ಲಿ ಕರೆದೊಯ್ಯುವವಳಿದ್ದಳು. ಹಿಂದಿನ ಬ್ರೇಕು ಸವೆದಿತ್ತು. ಹೊಸ ಡಿಸ್ಕ್, ಪ್ಯಾಡ್ ತಂದು ಅಂಗಳದಲ್ಲೇ ಹಾಕತೊಡಗಿದಳು. ಒಳಗೆ ನಾನು ತಮ್ಮನಿಗೆಂದು ಚಕ್ಕುಲಿ ಹಿಟ್ಟು ನಾದುತ್ತಿದ್ದೆ.

ಹೊಸ ಪ್ಯಾಡ್ ದಪ್ಪ. ಅದು ಕೂರಬೇಕಾದರೆ ಅದನ್ನು ಡಿಸ್ಕಿಗೆ ಒತ್ತುವ ಪಿಸ್ಟನ್ ಒಳಗೆ ಸರಿಯಬೇಕು. ಜಪ್ಪಯ್ಯ ಅಂದರೂ ಅದು ಕದಲಲಿಲ್ಲ. ಪಕ್ಕದ ಮನೆಗೆ ದುಂಡಸಿಯಿಂದ ಬಂದಿದ್ದ ಟ್ರ್ಯಾಕ್ಟರ್ ಡ್ರೈವರ್ ತೋಳೇರಿಸಿದ.

"ಸರೀರಿ ಅಕ್ಕಾರ, ಇದಕ್ಕ ಗಂಡಸರ ಕೈನ ಬೇಕು."

ಒತ್ತಿದ, ಒತ್ತಿದ, ಬೆವೆತ. "ಇದು ಹೋಗಂಗಿಲ್ಲರಿ. ನಾಳಿ ಊರಿಗೆ ಹೋಗೂದು ಬಿಡ್ರಿ."

ಬಿಡುವುದೇ! ಹಿಟ್ಟಿನ ಕೈಯಲ್ಲೇ ಓಡಿಬಂದು ಬಗ್ಗಿ ನೋಡಿದೆ. ಪಿಸ್ಟನ್ನಿನ ಮುಖದಲ್ಲಿ ಎರಡು ಕಚ್ಚು. ಹಿಡಿದು ತಿರುಗಿಸಲಿಕ್ಕಲ್ಲದೆ ಇನ್ಯಾತಕ್ಕೆ? ಹಿಡಿ ತಿರುಗಿಸಿದಂತೆ ಹಿಟ್ಟು ಒತ್ತುವ, ತವರಿನಿಂದ ತಂದಿದ್ದ ತಿರುಪಿನ ಚಕ್ಕುಲಿ ಒರಳನ್ನೇ ತಂದು ರೇಣುಕಾಗೆ ತೋರಿಸಿದೆ.

"ಬರೀ ಒತ್ತಬೇಡ, ತಿರುಗಿಸು."

"ಅಜ್ಜಿ, ಇದು ಕಾರ್ ಐತ್ರಿ, ಚಕ್ಲಿ ಅಲ್ಲ!" ಎಂದು ಅವನು ನಕ್ಕ.

ರೇಣುಕಾ ನಗಲಿಲ್ಲ. ಗ್ರೀಸಿನ ಕೈಯಲ್ಲೇ ಒರಳು ತೆಗೆದುಕೊಂಡು ಎರಡು ಸುತ್ತು ತಿರುಗಿಸಿ ನೋಡಿದಳು. ಆಮೇಲೆ ಇಕ್ಕಳದ ಮೂತಿಗಳನ್ನು ಕಚ್ಚಿಗೆ ಕೊಟ್ಟು, ಒತ್ತಿಕೊಂಡೇ ತಿರುಗಿಸಿದಳು.

"ಅತ್ತಿ, ಹೊಂಟೇತ್ರಿ! ಒಳಗ ಹೊಂಟೇತಿ!"

ಹಿಟ್ಟು ಹಾರುವಂತೆ ಚಪ್ಪಾಳೆ ತಟ್ಟಿದೆ. ಡ್ರೈವರ್ ಮೆಲ್ಲಗೆ ಕೇಳಿದ: "ಅಜ್ಜಿ, ಇನ್ನೊಂದು ಗಾಲಿದು ನಾ ತಿರುವ್ಲೇನ್ರಿ?"

ಮರುದಿನ ಕೋಲಾರದಲ್ಲಿ ತಮ್ಮ ಇಷ್ಟನ್ನೂ ಕಣ್ಣರಳಿಸಿ ಕೇಳಿದ. ಕೊನೆಗೆ, "ಅದೆಲ್ಲಾ ಸರಿ ಅಕ್ಕಯ್ಯ, ಚಕ್ಕುಲಿ ಎಲ್ಲಿ?" ಅಂದ.

ಗ್ರೀಸ್ ಮೆತ್ತಿದ ಒರಳಿನಲ್ಲಿ ಚಕ್ಕುಲಿ ಹೇಗೆ ಒತ್ತಲಿ?