ಬಾಗಿದ ತೆಂಗಿಗಾಗಿ ಚೈನು ಮಸೆದದ್ದು

ಹಸು ಕರೆದು ಡೈರಿಗೆ ಹಾಲು ಹಾಕಿದೆ. ಅತ್ತೆಗೆ ನೀರು ಕಾಯಿಸಿ ಕೊಟ್ಟೆ. ಅಕ್ಕಿಯಲ್ಲಿದ್ದ ಕಲ್ಲು ಆರಿಸಿದೆ. ಎರಡು ಸೀರೆ, ಒಂದು ಕಂಬಳಿ ಒಗೆದೆ. ಒಂಬತ್ತರ ಬಸ್ಸಿಗೆ ಮದ್ದೂರಿಗೆ ಹೋಗಿ ಹಲ್ಲು ಉಜ್ಜುವ ದುಂಡನೆಯ ಅರ ತಂದೆ. ಮಧ್ಯಾಹ್ನ ಅಂಗಳದಲ್ಲಿ ಕುಳಿತು ಮರ ಕೊಯ್ಯುವ ಮಿಷನ್ನಿನ ಚೈನು ಮಸೆದೆ. ಇಷ್ಟರಲ್ಲಿ ಯಾವ ಕೆಲಸವನ್ನೂ ನೆಟ್ಟಗೆ ನಿಂತು ಮಾಡಲಿಲ್ಲ. ಅಕ್ಕಿ ಆರಿಸುವಾಗಲೂ ನಾಲ್ಕು ಸಲ ಎದ್ದು ಹಿತ್ತಿಲಿಗೆ ಹೋಗಿ ತೆಂಗಿನ ಮರ ನೋಡಿ ಬಂದೆ.

ಮರ ನಮ್ಮದು. ಅದು ಬಾಗಿರುವುದು ಭಾವನ ಕೊಟ್ಟಿಗೆಯ ಮೇಲಕ್ಕೆ. ಭಾವ ಎಂದರೆ ನಮ್ಮ ಮನೆಯವರ ದೊಡ್ಡಪ್ಪನ ಮಗ. ಹಿತ್ತಿಲ ಬೇಲಿಯ ಮಾತಿಗೆ ಎರಡೂ ಮನೆಯವರು ವರ್ಷಗಟ್ಟಲೆ ಮುಖ ನೋಡಿರಲಿಲ್ಲ. ಈ ಯುಗಾದಿಯಲ್ಲಷ್ಟೇ ಬೇವುಬೆಲ್ಲ ಕೊಟ್ಟು ಮಾತು ಶುರುವಾಗಿತ್ತು. ಮಳೆ ಹಿಡಿದ ಮೇಲೆ ಮರದ ಬುಡದ ಮಣ್ಣು ಸಡಿಲವಾಗಿ, ಮರ ದಿನಕ್ಕಿಷ್ಟು ವಾಲುತ್ತಾ ಹೋಯಿತು. ಭಾವ ತಮ್ಮ ಹಸುಗಳನ್ನು ಬೀದಿಯಲ್ಲಿ ಕಟ್ಟತೊಡಗಿದರು, ಬಾಯಿಬಿಟ್ಟು ಒಂದು ಮಾತೂ ಆಡಲಿಲ್ಲ. ಅದೇ ನನಗೆ ಭಯ. ನಮ್ಮ ಮನೆಯವರು ಜಂಬದಿಂದ "ನಾನೇ ಕುಯ್ದುಬುಡ್ತೀನಿ ಬುಡಣ್ಣ" ಎಂದುಬಿಟ್ಟಿದ್ದರು. ಮರ ಕೊಟ್ಟಿಗೆಯ ಮೇಲೆ ಬಿದ್ದರೆ, ಆ ಬೇವುಬೆಲ್ಲ ಎರಡೂ ಮನೆಗೂ ಕೊನೆಯದು.

ಹಿಂದಿನ ದಿನ ಇವರು ಅಂಗಳದಲ್ಲಿ ಬಿದ್ದಿದ್ದ ಒಂದು ಹಲಸಿನ ತುಂಡಿನ ಮೇಲೆ ಮಿಷನ್ನು ಓಡಿಸಿ ನೋಡಿದರು. ಹೊಗೆ ಬಂತು. ಚಕ್ಕೆ ಹಾರುವ ಬದಲು ನುಣ್ಣನೆ ಪುಡಿ ಉದುರಿತು. ಕೊಯ್ತ ನೇರ ಇಳಿಯದೆ ಬಲಕ್ಕೆ ಬಳುಕಿ, ಚೈನು ಸುತ್ತುವ ಪಟ್ಟಿ ಸಿಕ್ಕಿಕೊಂಡಿತು. ಬೇಲಿಯಾಚೆ ನಿಂತಿದ್ದ ಭಾವ ಕೇಳಿದರು:

"ಏನ್ಲಾ, ಮರ ಕುಯ್ತಿದ್ದೀಯೋ, ರಾಗಿ ಬೀಸ್ತಿದ್ದೀಯೋ?"

"ಮಿಸನ್ನು ಹಳೇದಾಯ್ತು ಕಣಣ್ಣ."

"ಮಿಸನ್ನೋ, ನೀನೋ?"

ಇಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ. ಹಲಸಿನ ತುಂಡಿನಲ್ಲಿ ಬಳುಕಿದ್ದು ತೆಂಗಿನ ಬುಡದಲ್ಲೂ ಬಳುಕಿದರೆ, ಹಗ್ಗ ಎಳೆದ ಕಡೆಗೆ ಬೀಳಬೇಕಾದ ಮರ ತಿರುಗಿ ಬೀಳುತ್ತದೆ. ನಮ್ಮ ಮನೆಯವರು ಒಳಗೆ ಹೋದ ಮೇಲೆ ಚೈನನ್ನು ಬಿಸಿಲಿಗೆ ಹಿಡಿದು ನೋಡಿದೆ. ಬಲಗಡೆಯ ಹಲ್ಲುಗಳು ಚೂಪಾಗಿದ್ದವು. ಎಡಗಡೆಯವುಗಳ ಅಂಚಿನಲ್ಲಿ ಬಿಳಿಯ ಹೊಳಪಿನ ಗೆರೆ, ಮೊಂಡಾದ ಗುರುತು. ಇವರು ಕುಳಿತಲ್ಲೇ ಕುಳಿತು, ಕೈಗೆ ಅನುಕೂಲವಾದ ಮಗ್ಗುಲನ್ನು ಮಾತ್ರ ಚೆನ್ನಾಗಿ ಉಜ್ಜಿದ್ದರು. ಅದೂ ಮಚ್ಚು ಮಸೆದಂತೆ, ಹಿಂದಕ್ಕೂ ಮುಂದಕ್ಕೂ. ಹತ್ತಿರದ್ದು ಕಣ್ಣಿಗೆ ಸರಿಯಾಗಿ ಕಾಣದೆ ಎರಡು ವರ್ಷವಾಗಿದೆ. ಕನ್ನಡಕ ಮಾಡಿಸಿ ಎಂದರೆ ಪೇಪರೇ ಓದದವನಿಗೆ ಯಾಕೆ ಅನ್ನುತ್ತಾರೆ.

ಮದ್ದೂರಿನಲ್ಲಿ ಪಂಪ್‌ಸೆಟ್ಟು, ಮಿಷನ್ನು ರಿಪೇರಿ ಮಾಡುವ ಭಾಯಿಯೊಬ್ಬರ ಅಂಗಡಿಯಿದೆ. ಚೈನನ್ನೇ ಬಿಚ್ಚಿ ಚೀಲದಲ್ಲಿ ಹಾಕಿಕೊಂಡು ಹೋಗಿದ್ದೆ. ಅವರು ಹಲ್ಲಿನ ಒಳಗೆ ಒಂದೊಂದೇ ಅರ ಇಟ್ಟು ನೋಡಿ, ಕಚ್ಚಿ ಕುಳಿತದ್ದನ್ನು ಕೊಟ್ಟರು.

"ಒಳಗಿಂದ ಒರಕ್ಕೆ ತಳ್ಬೇಕು ಅಕ್ಕಾ. ವಾಪಸ್ ಬರೋವಾಗ ಎತ್ಕೊಂಬುಡಿ. ಒಂದಕ್ಕೆ ಮೂರು ಸಲ ಅಂದ್ರೆ ಎಲ್ಲದ್ಕೂ ಮೂರೇ. ಎಲ್ಲಾಕ್ಕಿಂತ ಗಿಡ್ಡುಂದು ಯಾವ್ದೋ, ಮಿಕ್ಕಿದ್ದೆಲ್ಲಾ ಅದ್ರ ಸಮಕ್ಕೆ ಬರ್ಬೇಕು."

"ನಾನೇ ಉಜ್ಬೋದಾ?"

"ಎಣ್ಸೋಕೆ ಬತ್ತದಲ್ವಾ? ಸಾಕು. ಗಂಡಸ್ರು ಎಣ್ಸಲ್ಲ, ಅದ್ಕೇ ಅವರ ಚೈನು ಯಾವಾಗ್ಲೂ ಇಲ್ಲೇ ಇರ್ತದೆ."

ಮನೆಗೆ ಬಂದು ಚೈನನ್ನು ಮತ್ತೆ ಪಟ್ಟಿಗೆ ಏರಿಸಿ ಬಿಗಿ ಮಾಡಿದೆ. ಮಿಷನ್ನು ಅಪ್ಪಿತಪ್ಪಿ ಚಾಲೂ ಆಗದಿರಲೆಂದು ಪ್ಲಗ್ಗಿನ ಟೋಪಿ ಕಿತ್ತಿಟ್ಟೆ. ಹಲಸಿನ ತುಂಡಿನಲ್ಲಿ ಬಿದ್ದಿದ್ದ ಆ ಸೊಟ್ಟ ಸೀಳಿಗೇ ಪಟ್ಟಿಯನ್ನು ಇಳಿಸಿ, ಎರಡು ಚಕ್ಕೆ ಬಡಿದು ಅಲುಗದಂತೆ ಮಾಡಿದೆ. ಎಲ್ಲಿಂದ ಶುರು ಮಾಡಿದೆ ಎಂದು ಗೊತ್ತಾಗಲು ಮೊದಲ ಹಲ್ಲಿಗೆ ಅತ್ತೆಯ ಎಲೆಅಡಿಕೆ ಡಬ್ಬಿಯ ಸುಣ್ಣ ಇಟ್ಟೆ. ಎಡಗಡೆಗೆ ಕುಳಿತು ಒಂದು, ಎರಡು, ಮೂರು. ಹೊಳೆಯುವ ಗೆರೆ ಮಾಯವಾಗುವವರೆಗೆ ಇನ್ನೊಂದು ಸುತ್ತು ಎಂದುಕೊಂಡೆ. ಮೋಡ ಕವಿಯುತ್ತಿತ್ತು. ಗಾಳಿ ಬಂದಾಗೆಲ್ಲ ತೆಂಗಿನ ಗರಿ ಸದ್ದು ಮಾಡುತ್ತಿತ್ತು, ನಾನು ತಲೆ ಎತ್ತುತ್ತಿದ್ದೆ.

ಎಷ್ಟು ಹಲ್ಲಾದರೂ ಸುಣ್ಣದ ಹಲ್ಲು ಬರಲೇ ಇಲ್ಲ. ಚೈನಿನ ಎಣ್ಣೆ ಸುಣ್ಣವನ್ನು ಯಾವಾಗಲೋ ತಿಂದುಹಾಕಿತ್ತು. ನಾನು ಸುತ್ತು ಮುಗಿದು ಮುಂದೆ ಹೋಗಿ, ಆರೇಳು ಹಲ್ಲುಗಳನ್ನು ಮತ್ತೆ ಉಜ್ಜಿದ್ದೆ. ಅವು ಗಿಡ್ಡವಾಗಿ ಕುಳಿತಿದ್ದವು. ಅಳುವೇ ಬಂತು.

"ಎಣ್ಣೇಲಿ ಸುಣ್ಣ ನಿಂತಾದಾ? ಅಡುಗೇಲಿ ಇರೋ ಬುದ್ಧಿ ಇಲ್ಲಿ ಎಲ್ಲೋಯ್ತಮ್ಮಿ?" ಅಂದರು ಅತ್ತೆ, ಜಗಲಿಯಿಂದ.

ಮಗಳು ಬಿಟ್ಟುಹೋಗಿದ್ದ ಉಗುರು ಬಣ್ಣದ ಸೀಸೆ ಹುಡುಕಿ, ಗಿಡ್ಡ ಹಲ್ಲುಗಳಿಗೆಲ್ಲ ಕೆಂಪು ಚುಕ್ಕೆ ಇಟ್ಟೆ. ಮಿಕ್ಕವನ್ನು ಎರಡೂ ಮಗ್ಗುಲಲ್ಲಿ ಅವುಗಳ ಸಮಕ್ಕೆ ಇಳಿಸಿದೆ. ಹಲ್ಲು ಗಿಡ್ಡವಾದ ಮೇಲೆ ಅದರ ಮುಂದಿನ ಪುಟ್ಟ ದಿಬ್ಬವೂ ತಗ್ಗಬೇಕು, ಇಲ್ಲದಿದ್ದರೆ ಹಲ್ಲು ಮರವನ್ನೇ ಮುಟ್ಟುವುದಿಲ್ಲ ಎಂದು ಭಾಯಿ ಹೇಳಿದ್ದರು. ಚಪ್ಪಟೆ ಅರದಿಂದ ಅದನ್ನೂ ಎರಡೆರಡು ಸಲ ತಳ್ಳಿದೆ. ನಾಲ್ಕು ಗಂಟೆಗೆ ಮುಗಿಸಿ ಎದ್ದರೆ ಸೊಂಟ ನೆಟ್ಟಗಾಗಲಿಲ್ಲ.

ನಮ್ಮ ಮನೆಯವರು ಬಂದು ಚೈನಿನ ಮೇಲೆ ಹೆಬ್ಬೆರಳು ಆಡಿಸಿದರು.

"ಯಾರ್ ಉಜ್ಜುದ್ದು?"

"ನಾನು."

ಪ್ಲಗ್ಗಿನ ಟೋಪಿ ಮತ್ತೆ ಹಾಕಿ ಮಿಷನ್ನು ಚಾಲೂ ಮಾಡಿದರು. ಹಲಸಿನ ತುಂಡಿನ ಇನ್ನೊಂದು ತುದಿಗೆ ಇಟ್ಟರು. ಚಕ್ಕೆ ಚಕ್ಕೆಯಾಗಿ ಹಾರಿತು. ಕೊಯ್ತ ಬಾಗಿಲಿನ ಚೌಕಟ್ಟಿನಷ್ಟು ನೇರವಾಗಿ ಇಳಿಯಿತು. ಅವರು ಬಗ್ಗಿ ಆ ಕೊಯ್ತವನ್ನು ಬಹಳ ಹೊತ್ತು ಕೈಯಿಂದ ಸವರಿದರು.

ಸಂಜೆ ತೆಂಗಿನ ಮರ ಹತ್ತಿ ಹಗ್ಗ ಬಿಗಿದು ಬಂದದ್ದು ಭಾವನೇ. ನಮ್ಮ ಮನೆಯವರು ಬುಡ ಕೊಯ್ಯುವಾಗ ಭಾವನೂ ಊರಿನ ಮತ್ತಿಬ್ಬರೂ ಗದ್ದೆಯ ಕಡೆ ನಿಂತು ಎಳೆದರು. ನಾನು ಅತ್ತೆಯ ಕೈ ಹಿಡಿದುಕೊಂಡು ಜಗಲಿಯಲ್ಲಿದ್ದೆ, ಕಣ್ಣು ಮುಚ್ಚಿದ್ದೆ. ನೆಲ ಅದುರಿತು. ಕಣ್ಣು ಬಿಟ್ಟಾಗ ಕೊಟ್ಟಿಗೆಯ ಶೀಟು ಹಾಗೇ ಇತ್ತು. ಮರ ಗದ್ದೆಯಲ್ಲಿ ಉದ್ದಕ್ಕೆ ಮಲಗಿತ್ತು. ಭಾವ ಹಗ್ಗ ಸುತ್ತುತ್ತಾ ಬೇಲಿ ದಾಟಿ ನಮ್ಮ ಅಂಗಳಕ್ಕೇ ಬಂದರು.

"ಏನಮ್ಮ, ಇವನ ಮಿಸನ್ನು ಮತ್ತೆ ಹರೇಯಕ್ಕೆ ಬಂದದಲ್ಲಾ?"

ನಮ್ಮ ಮನೆಯವರು ನನ್ನ ಕಡೆ ನೋಡದೆಯೇ, "ನನ್ ಕಣ್ಣಿಗೆ ಚೈನಿನ ಅಲ್ಲು ಕಾಣಾಕಿಲ್ಲ ಕಣಣ್ಣ. ಇವಳೇ ಮಸ್ದದ್ದು," ಅಂದರು.

ಮರದ ತುದಿ ಬಿಡಿಸಿ ಬಿಳಿಯ ಸುಳಿ ತೆಗೆದರು. ಅದನ್ನು ಅರ್ಧ ಭಾವನ ಮನೆಗೆ ಕೊಟ್ಟು, ಉಳಿದದ್ದಕ್ಕೆ ಉಪ್ಪು ಖಾರ ಹಚ್ಚಿ ಹಸಿಯದನ್ನೇ ತಿಂದೆವು. ಆಮೇಲೆ ಮುದ್ದೆ, ಸೊಪ್ಪಿನ ಸಾರು. ಅತ್ತೆ ಸುಳಿ ಅಗಿಯಲು ಆಗದೆ ಬರೀ ಮುದ್ದೆ ನುಂಗಿದರು. ಮೊದಲು ನಿದ್ದೆ ಹೋದದ್ದು ನಮ್ಮ ಮನೆಯವರು, ಕೈ ಕೂಡ ಸರಿಯಾಗಿ ತೊಳೆಯದೆ.