ಮುಚ್ಚದೆ ಬಿಟ್ಟ ಮೂವತ್ತಾರು ಪಟ್ಟಿಗಳು

ಹೋದ ತಿಂಗಳು ಹುಮನಾಬಾದಿನ ದವಾಖಾನೆಯಲ್ಲಿ ನರ್ಸಮ್ಮ ನನ್ನ ತೋಳಿಗೆ ಬಿ.ಪಿ. ನೋಡುವ ಪಟ್ಟಿ ಕಟ್ಟಿದರು. ಗಾಳಿ ತುಂಬುತ್ತಿದ್ದಂತೆ ಅದು ಬಿಚ್ಚಿಕೊಂಡಿತು. ಮತ್ತೆ ಕಟ್ಟಿದರು, ಮತ್ತೆ ಬಿಚ್ಚಿತು. ಅವರು ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, ನನ್ನ ಸ್ವೆಟರಿನ ಉಣ್ಣೆ ಅದಕ್ಕೆ ಸಿಕ್ಕಿಕೊಂಡಿದೆ ಎಂದು ಗೊಣಗುತ್ತಾ ಪಿನ್ನಿನಿಂದ ಕೆದಕಿ ತೆಗೆದರು. ಅವರ ಬೆರಳ ತುದಿಯಲ್ಲಿ ಒಂದು ಚಿಕ್ಕ ಕರಿ ಉಂಡೆ... ಅದನ್ನು ಕಂಡು ನನ್ನ ಮುಖ ಬೆವರಿತು. ಆಮೇಲೆ ನೋಡಿದಾಗ ಬಿ.ಪಿ. ಹೆಚ್ಚೇ ಇತ್ತು. ಉಪ್ಪು ಕಡಿಮೆ ಮಾಡಿ ಎಂದರು. ಉಪ್ಪಿನದೇನೂ ತಪ್ಪಿರಲಿಲ್ಲ.

ಇಪ್ಪತ್ತು ವರ್ಷಗಳ ಹಿಂದೆ ಇಂಥದೇ ಒಂದು ಉಂಡೆಯನ್ನು, ನಾನು ಕಾಕಾ ಎನ್ನುತ್ತಿದ್ದ ಹೊಲಿಗೆಯವರೊಬ್ಬರ ಅಂಗೈಯಲ್ಲಿ ನೋಡಿದ್ದೆ.

ಆಗ ನಾನು ಹುಮನಾಬಾದಿನ ಒಂದು ಖಾಸಗಿ ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರ. ಕೊರಳಲ್ಲಿ ಸೀಟಿ, ತಲೆಯಲ್ಲಿ ಗತ್ತು. ಎಲ್ಲೋ ಸಾಹಸ ಶಿಬಿರ ನಡೆಸುತ್ತಿದ್ದವರು ಅಂಗಡಿ ಮುಚ್ಚುವಾಗ ತಮ್ಮ ಹಳೆಯ ಸಾಮಾನನ್ನು ನಮ್ಮ ಶಾಲೆಗೆ ಕೊಟ್ಟರು. ಒಬ್ಬರೇ ಕುಳಿತು ಹುಟ್ಟು ಹಾಕುವ ನಾಲ್ಕು ಪ್ಲಾಸ್ಟಿಕ್ ದೋಣಿ, ಕೈಗವಸು, ಹನ್ನೆರಡು ಲೈಫ್ ಜಾಕೆಟ್. ಬಿಸಿಲಿನ ನಮ್ಮ ಸೀಮೆಯಲ್ಲಿ ದೋಣಿ ನಡೆಸುವ ಶಾಲೆ ಎಂದರೆ ಸಣ್ಣ ಮಾತೇ? ಬಸವಕಲ್ಯಾಣದ ತ್ರಿಪುರಾಂತ ಕೆರೆಯಲ್ಲಿ ಪ್ರತಿ ರವಿವಾರ ಅಭ್ಯಾಸ ಎಂದು ಹೆಡ್‌ಮಾಸ್ತರರಿಗೆ ಹೇಳಿ ಒಪ್ಪಿಸಿದೆ. ದೋಣಿಗಳನ್ನು ಕೆರೆಯ ದಂಡೆಯ ಒಂದು ಶೆಡ್ಡಿನಲ್ಲಿ ಇಟ್ಟೆವು. ಜಾಕೆಟ್ಟುಗಳನ್ನು ಅಲ್ಲಿ ಬಿಟ್ಟರೆ ಇಲಿ ಕಡಿಯುತ್ತವೆ ಎಂದು ನಾನೇ ಗಂಟು ಕಟ್ಟಿ ಬಸ್ಸಿನಲ್ಲಿ ಒಯ್ದು ತರುತ್ತಿದ್ದೆ.

ತೊಂದರೆ ಇದ್ದದ್ದು ಜಾಕೆಟ್ಟಿನ ಬಕಲ್‌ಗಳಲ್ಲಿ. ಬಿಸಿಲಿಗೆ ಎಲ್ಲ ಒಡೆದು ಹೋಗಿದ್ದವು. ಅಂಥ ಬಕಲ್ ನಮ್ಮ ಊರಲ್ಲಿ ಎಲ್ಲಿ ಸಿಗಬೇಕು? ಯಾರೋ ಹೇಳಿದರೆಂದು ಬಸ್ ಸ್ಟ್ಯಾಂಡಿನ ಹಿಂದಿದ್ದ ಕಾಕಾನ ಅಂಗಡಿಗೆ ಹೋದೆ. ದುಬಲಗುಂಡಿಯವರು. ಅವರ ಹಿರಿಯರು ಚರ್ಮದ ಕೆಲಸದವರು, ಎತ್ತಿನ ಕೊರಳಪಟ್ಟಿ, ಚಪ್ಪಲಿ ಹೊಲಿದವರು. ಕಾಕಾ ಆಟೋ ಹುಡ್ಡು, ಶಾಲೆಯ ಚೀಲ ಹೊಲಿಯುತ್ತಿದ್ದರು. ಮಶೀನಿನ ಮೇಲೆ ಗೋಡೆಗೆ ಬುದ್ಧನ ಚಿತ್ರ. ಕಿಸೆಯಲ್ಲಿ ಯಾವಾಗಲೂ ಒಂದು ಸೀರಣಿಗೆ, ಹೇನು ತೆಗೆಯುವ ಆ ಸಣ್ಣ ಹಲ್ಲಿನ ಕಟ್ಟಿಗೆಯ ಹಣಿಗೆ. ತಲೆಯಲ್ಲಿ ನಾಲ್ಕು ಕೂದಲಿದ್ದ ಮನುಷ್ಯನಿಗೆ ಅದು ಯಾಕೆ ಎಂದು ಮೊದಲ ದಿನ ನಗು ಬಂದಿತ್ತು.

ಅವರು ಜಾಕೆಟ್ಟನ್ನು ತಿರುಗಿಸಿ ಮುರುಗಿಸಿ ನೋಡಿ, ಬಕಲ್ ಬೇಡ, ಚಿಪಕ್ ಪಟ್ಟಿ ಹಾಕೋಣ ಎಂದರು. ನಾವು ನೀವು ವೆಲ್ಕ್ರೋ ಅನ್ನುವುದನ್ನು ಅವರು ಹಾಗೆ ಕರೆಯುತ್ತಿದ್ದರು. ಮಕ್ಕಳ ಬೂಟಿನ ಪಟ್ಟಿಯನ್ನು ನಂಬಿ ನೀರಿಗೆ ಇಳಿಸುವುದೇ ಎಂದು ನಾನು ರಾಗ ಎಳೆದೆ. ಅವರು ವಾದ ಮಾಡಲಿಲ್ಲ. ಎತ್ತಿನ ಕೊರಳಪಟ್ಟಿಗೆ ಹಾಕುವ ಒಂದು ಹಿತ್ತಾಳೆ ಬಳೆ ತೆಗೆದು, ಅಗಲವಾದ ಪಟ್ಟಿಯನ್ನು ಅದರೊಳಗೆ ತೂರಿಸಿ, ಹಿಂದಕ್ಕೆ ಮಡಚಿ ಅದರ ಮೇಲೇ ಅಂಟಿಸಿ ನನ್ನ ಕೈಗೆ ಕೊಟ್ಟರು.

“ಹಿಂಗ ನೆಟ್ಟಗ ಜಗ್ಗ್ರಿ ಸರ್. ಬರ್ತದೇನು? ಈಗ ಅಂಚು ಹಿಡದು ಎತ್ತಿ ನೋಡ್ರಿ.”

ಕಾಲು ಕೊಟ್ಟು ಜಗ್ಗಿದರೂ ಅದು ಜಪ್ಪಯ್ಯ ಎನ್ನಲಿಲ್ಲ. ಅಂಚು ಹಿಡಿದು ಎತ್ತಿದರೆ ಚರ್ರೆಂದು ಬಂತು. ಜಾಕೆಟ್ಟಿಗೆ ಮೂರರಂತೆ ಮೂವತ್ತಾರು ಪಟ್ಟಿಗಳನ್ನು ನಾಲ್ಕು ದಿನ ಕೂತು ಹೊಲಿದರು. ಕೈಗವಸಿಗೂ, ಹುಟ್ಟು ಕೈಬಿಟ್ಟು ತೇಲಿ ಹೋಗದಂತೆ ದೋಣಿಗೆ ಕಟ್ಟುವ ದಾರಕ್ಕೂ ಅದೇ ಪಟ್ಟಿ. ಮೈಗೆ ಚುಚ್ಚಬಾರದೆಂದು ಕೊಕ್ಕೆಯ ಬದಿಯನ್ನು ಹೊರಗೆ, ಮೆತ್ತನೆಯ ಬದಿಯನ್ನು ಒಳಗೆ ಬರುವಂತೆ ಇಟ್ಟಿದ್ದರು. ಅದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆ ನಾಲ್ಕೂ ದಿನ ಶಾಲೆ ಬಿಟ್ಟ ಮೇಲೆ ನಾನು ಅವರ ಅಂಗಡಿಯಲ್ಲಿ ಕೂರುತ್ತಿದ್ದೆ. ಒಂದು ಸಂಜೆ ಎಲ್ಲೋ ಓದಿದ್ದನ್ನು ಹೇಳಿದೆ. ಪರದೇಶದ ಒಬ್ಬ ಇಂಜಿನಿಯರ್ ನಾಯಿ ಕರೆದುಕೊಂಡು ಗುಡ್ಡ ಸುತ್ತಿ ಬಂದಾಗ ಅದರ ಮೈತುಂಬ ಮುಳ್ಳುಕಾಯಿ ಅಂಟಿದ್ದವಂತೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪ್ರತಿ ಮುಳ್ಳಿನ ತುದಿಯೂ ಕೊಕ್ಕೆ. ಅದನ್ನೇ ನೋಡಿ, ವರ್ಷಗಟ್ಟಲೆ ಒದ್ದಾಡಿ ಈ ಪಟ್ಟಿ ಮಾಡಿದನಂತೆ. ಕಾಕಾ ಮಶೀನು ನಿಲ್ಲಿಸಿ ಕೇಳಿದರು. ಆಮೇಲೆ ಹೊಟ್ಟೆ ಹಿಡಿದು ನಕ್ಕರು.

“ಅವ್ರ ನಾಯಿಗಿ ಹತ್ತಿದ್ದಕ್ಕ ಕಾರ್ಖಾನಿ ಆಯ್ತು. ನಮ್ಮ ಆಡಿಗಿ ಹತ್ತಿದ್ದಕ್ಕ ನಮ್ಮವ್ವ ನನ್ನ ಬೆನ್ನಿಗಿ ಕೊಟ್ಲು ನೋಡ್ರಿ.”

ಚಿಕ್ಕಂದಿನಲ್ಲಿ ಅವರು ಯಾರದೋ ಆಡು ಕುರಿ ಕಾಯುತ್ತಿದ್ದರು. ಆ ಕಾಯಿಗಳನ್ನು ಆಡಿನ ಮೈಯಿಂದ ಕೀಳಬಹುದು, ಕಂಬಳಿಯಿಂದ ಕೀಳಲು ಆಗುವುದಿಲ್ಲ ಎಂದು ಅವರಿಗೆ ಆಗಲೇ ಗೊತ್ತಿತ್ತು. ಉಣ್ಣೆ ಕೊಕ್ಕೆಯ ಸಂದಿಯಲ್ಲಿ ಹೊಕ್ಕು ಕೂತರೆ ಕೊಕ್ಕೆಗೆ ಬೇರೇನನ್ನೂ ಹಿಡಿಯಲು ಜಾಗವಿರುವುದಿಲ್ಲ. ಸೀರಣಿಗೆ ಇದ್ದದ್ದು ಅದಕ್ಕೇ, ಕೊಕ್ಕೆಗಳ ನಡುವಿನ ದಾರ, ಧೂಳು ಬಾಚಿ ತೆಗೆಯಲು. ಜಾಕೆಟ್ಟು ಕೊಡುವ ದಿನ ಕಟ್ಟುನಿಟ್ಟಾಗಿ ಹೇಳಿದರು.

“ಎಲ್ಲಾ ಪಟ್ಟಿ ಮುಚ್ಚಿದ ಮ್ಯಾಲೇ ಗಂಟ ಕಟ್ರಿ ಸರ್. ಕಂಬಳಿ ಸನೇಕ ಮಾತ್ರ ಒಯ್ಯಬ್ಯಾಡ್ರಿ.”

ನಾನು ಅಂಗಡಿಯ ಮೆಟ್ಟಿಲು ಇಳಿದ ಮೇಲೆ ಹಿಂದಿನಿಂದ ಕರೆದು ಇನ್ನೊಮ್ಮೆ ಹೇಳಿದರು. ಆಯಿತು ಕಾಕಾ ಎಂದೆ.

ಅವರನ್ನು ಕಾಕಾ ಎಂದು ಕರೆಯುತ್ತೇನೆ ಎಂಬ ಹೆಮ್ಮೆ ನನಗಿತ್ತು. ಊರಿನ ನಮ್ಮ ಜನ ಅವರನ್ನು ಏಕವಚನದಲ್ಲಿ ಕೂಗುತ್ತಿದ್ದರು. ನಾನು ಅವರ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದೆ, ಕಲ್ಯಾಣದ ಶರಣರ ಹೆಸರೆತ್ತಿ ಶಾಲೆಯಲ್ಲಿ ಕಾಯಕದ ಬಗ್ಗೆ ಭಾಷಣ ಬಿಗಿಯುತ್ತಿದ್ದೆ. ಅದನ್ನೆಲ್ಲ ನೆನೆದರೆ ಈಗ ಕಿವಿ ಬಿಸಿಯಾಗುತ್ತದೆ.

ಮೂರು ತಿಂಗಳು ಎಲ್ಲ ಚೆನ್ನಾಗಿ ನಡೆಯಿತು. ಒಂದು ರವಿವಾರ ವಾಪಸ್ ಬರುವಾಗ ನನ್ನ ಗಂಟಿನ ನೀರು ಬಸ್ಸಿನಲ್ಲಿ ಯಾರದೋ ಶೇಂಗಾ ಚೀಲದ ಮೇಲೆ ಸೋರಿತು. ಕಂಡಕ್ಟರ್ ಎಲ್ಲರೆದುರು ಝಾಡಿಸಿದ. ಪಿ.ಟಿ. ಮಾಸ್ತರನಿಗೆ ಅಷ್ಟು ಮಂದಿಯ ನಡುವೆ ಬೈಸಿಕೊಂಡು ಅಭ್ಯಾಸವಿರಲಿಲ್ಲ. ಮುಂದಿನ ವಾರ ಮನೆಯಿಂದ ಕರಿ ಕಂಬಳಿ ಒಯ್ದೆ. ಕಂಬಳಿ ನೀರು ಕುಡಿಯುತ್ತದೆ, ಸೋರಗೊಡುವುದಿಲ್ಲ. ಕಾಕಾ ಹೇಳಿದ್ದು ನೆನಪಿರಲಿಲ್ಲವೇ? ಇತ್ತು. ಪಟ್ಟಿ ಮುಚ್ಚಿ ಕಟ್ಟಿದರೆ ಏನಾಗುತ್ತದೆ ಎಂದುಕೊಂಡೆ. ಅಭ್ಯಾಸ ಮುಗಿಸಿ ಗಂಟು ಕಟ್ಟುವಷ್ಟರಲ್ಲಿ ಬಸ್ಸು ಬಂದೇಬಿಟ್ಟಿತು. ಮೂವತ್ತಾರು ಪಟ್ಟಿ ಮುಚ್ಚುತ್ತಾ ಯಾರು ಕೂರುತ್ತಾರೆ... ತೆರೆದವನ್ನು ತೆರೆದಂತೆಯೇ ಸುತ್ತಿ ಬಿಗಿದು ಬಸ್ಸು ಹತ್ತಿದೆ. ಮರುದಿನ ಬಿಚ್ಚುವಾಗ ಜಾಕೆಟ್ಟುಗಳು ಕಂಬಳಿಯನ್ನು ಬಿಡಲೊಲ್ಲವು. ಚರ್ರ್ ಚರ್ರ್ ಎಂದು ಕಿತ್ತು, ಕೈಯಿಂದ ಒಮ್ಮೆ ಝಾಡಿಸಿ ಜೋಡಿಸಿಟ್ಟೆ. ಕಾಕಾನ ಅಂಗಡಿ ಶಾಲೆಯಿಂದ ಹತ್ತು ನಿಮಿಷದ ದಾರಿ. ಬಾಚಿಸಿಕೊಂಡು ಬರಲು ಹೋಗಲಿಲ್ಲ. ಹೋದರೆ ಕಂಬಳಿಯ ವಿಷಯ ಹೇಳಬೇಕಲ್ಲ.

ಮುಂದಿನ ರವಿವಾರ ಕೆಲವು ಪಾಲಕರು ನೋಡಲು ಬಂದಿದ್ದರು. ನಾನು ದಂಡೆಯ ಮೇಲೆ ಸೀಟಿ ಊದುತ್ತಾ ನಿಂತಿದ್ದೆ. ಒಂಬತ್ತನೇ ಇಯತ್ತೆಯ ಒಬ್ಬ ಹುಡುಗಿಯ ದೋಣಿ ಮಗುಚಿತು. ಮಗುಚುವುದು ಹೊಸದಲ್ಲ, ಜಾಕೆಟ್ಟು ಎತ್ತಿ ಹಿಡಿಯುತ್ತಿತ್ತು. ಆ ದಿನ ಮೇಲೆ ಬಂದದ್ದು ಜಾಕೆಟ್ಟು ಮಾತ್ರ. ಮೂರೂ ಪಟ್ಟಿ ಬಿಚ್ಚಿಕೊಂಡು ಅದು ಖಾಲಿಯಾಗಿ ತೇಲುತ್ತಿತ್ತು. ಹತ್ತಿರದಲ್ಲಿ ಬಲೆ ಹಾಕುತ್ತಿದ್ದವನೊಬ್ಬ ಹಾರಿ, ಜಡೆ ಹಿಡಿದು ಅವಳನ್ನು ಎಳೆದು ತಂದ. ಅವಳು ನೀರು ಕಾರಿಕೊಂಡು ಅತ್ತಳು. ಬದುಕಿದಳು. ಆದರೆ ಮತ್ತೆಂದೂ ನೀರಿಗೆ ಇಳಿಯಲಿಲ್ಲ.

ಅವಳ ತಂದೆ ಹಳ್ಳಿಖೇಡದ ಕಡೆಯ ದೊಡ್ಡ ಕಬ್ಬಿನ ರೈತರು. ಮರುದಿನ ಹೆಡ್‌ಮಾಸ್ತರರ ಕೋಣೆಯಲ್ಲಿ ಹೀಗೆ ಹೇಗಾಯಿತು ಎಂದು ಕೇಳಿದಾಗ ನನ್ನ ಬಾಯಿಂದ ಬಂದದ್ದು ಒಂದೇ ಮಾತು, ಹೊಲಿಗೆ ಸರಿಯಿಲ್ಲ. ಯಾರು ಹೊಲಿದದ್ದು ಎಂದರು. ಹೇಳಿದೆ. ಚಪ್ಪಲಿ ಹೊಲಿಯುವವರ ಕೈಗೆ ಮಕ್ಕಳ ಜೀವ ಕೊಟ್ಟಿರಾ ಎಂದು ಅವರು ಗುಡುಗಿದರು. ಯಾರೂ ಜಾಕೆಟ್ಟನ್ನು ಎತ್ತಿ ನೋಡಲಿಲ್ಲ. ನೋಡುವ ಅಗತ್ಯ ಅವರಿಗೆ ಕಾಣಲಿಲ್ಲ, ಏಕೆಂದರೆ ಆ ಜಾತಿಯವರ ಮೇಲೆ ಹೊರಿಸಿದರೆ ಜನ ತಕ್ಷಣ ನಂಬುತ್ತಾರೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ. ಇದನ್ನು ಇಷ್ಟು ವರ್ಷ ನನಗೆ ನಾನೇ ಒಪ್ಪಿಕೊಂಡಿರಲಿಲ್ಲ.

ಕಾಕಾನನ್ನು ಕರೆಸಿದರು. ಚಪ್ಪಲಿ ಹೊರಗೆ ಬಿಟ್ಟು ಬಂದು ನಿಂತರು. ಕೂರಿ ಎಂದು ಯಾರೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಅವರು ಜಾಕೆಟ್ಟು ಎತ್ತಿಕೊಂಡು ಮೂರೂ ಪಟ್ಟಿಯ ಹೊಲಿಗೆಯನ್ನು ಜಗ್ಗಿ ನೋಡಿದರು. ಒಂದು ಎಳೆಯೂ ಬಿಟ್ಟಿರಲಿಲ್ಲ. ಆಮೇಲೆ ಕಿಟಕಿಯ ಬೆಳಕಿಗೆ ಹೋಗಿ ಕೊಕ್ಕೆಯ ಬದಿಯನ್ನು ಬಗ್ಗಿಸಿ ನೋಡಿದರು. ಕಿಸೆಯಿಂದ ಸೀರಣಿಗೆ ತೆಗೆದು ನಿಧಾನಕ್ಕೆ ಬಾಚಿದರು. ಅಂಗೈಯಲ್ಲಿ ಕರಿ ಉಣ್ಣೆಯ ಉಂಡೆ ಕೂಡಿತು. ಅದು ಏನೆಂದು ಕೋಣೆಯಲ್ಲಿ ತಿಳಿದದ್ದು ನಮ್ಮಿಬ್ಬರಿಗೆ ಮಾತ್ರ. ಅವರು ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ, ಕೇಳಿದ ದನಿಯೂ ಮೆತ್ತಗಿತ್ತು.

“ಸರ್, ಇವಕ್ಕ ಕಂಬಳ್ಯಾಗ ಕಟ್ಟಿದ್ರೇನ್ರಿ?”

“ಇಲ್ಲ ಕಾಕಾ,” ಎಂದೆ.

ಅವರು ಅಂಗೈ ಚಾಚಿಕೊಂಡೇ ಇದ್ದರು. ನಾನು ಇನ್ನೇನಾದರೂ ಅನ್ನುತ್ತೇನೋ ಎಂದು ಕಾದಿರಬೇಕು... ನಾನು ಗೋಡೆಯ ಮೇಲಿನ ವೇಳಾಪಟ್ಟಿ ಓದುತ್ತಿದ್ದೆ. ಅವರು ಆ ಉಣ್ಣೆಯನ್ನೂ ಸೀರಣಿಗೆಯನ್ನೂ ಕಿಸೆಯಲ್ಲಿ ಹಾಕಿಕೊಂಡರು.

“ಹಂಗಾದ್ರ ನಂದೇ ತಪ್ಪ ಇರಬೇಕ್ರಿ,” ಎಂದರು.

ಅಲ್ಲಿಗೆ ಮುಗಿಯಿತು. ದೋಣಿಗಳು ಶೆಡ್ಡಿನಲ್ಲೇ ಉಳಿದವು. ಶಾಲೆಯ ಚೀಲದ ಕೆಲಸ ಕಾಕಾನ ಕೈತಪ್ಪಿತು. ಕೂಸಿನ ಜೀವ ತೆಗೆಯುತ್ತಿದ್ದವನು ಎಂದು ಊರು ಆಡಿಕೊಂಡಿತು. ವರ್ಷ ತುಂಬುವುದರೊಳಗೆ ಅವರು ಅಂಗಡಿ ಕಿತ್ತು ಮನ್ನಾಏಖೇಳ್ಳಿಯ ಹೈವೇ ಬದಿಗೆ ಹೋದರು. ಆಮೇಲೆ ಒಂದೇ ಸಲ ಹುಮನಾಬಾದಿನ ಬಸ್ ಸ್ಟ್ಯಾಂಡಿನಲ್ಲಿ ಎದುರು ಸಿಕ್ಕರು. ಅವರೇ ಮೊದಲು ನಮಸ್ಕಾರ ಮಾಡಿ ಆ ಹುಡುಗಿ ಹೇಗಿದ್ದಾಳೆ ಎಂದು ಕೇಳಿದರು. ಚೆನ್ನಾಗಿದ್ದಾಳೆ, ನನ್ನ ಬಸ್ಸು ಬಂತು ಎಂದು ಓಡಿದೆ. ಯಾವ ಬಸ್ಸೂ ಬಂದಿರಲಿಲ್ಲ. ಮೂರು ವರ್ಷದ ಹಿಂದೆ ಅವರು ತೀರಿಕೊಂಡ ಸುದ್ದಿ ಚಹಾದ ಹೋಟೆಲಿನಲ್ಲಿ ಕಿವಿಗೆ ಬಿತ್ತು. ಮಣ್ಣಿಗೂ ಹೋಗಲಿಲ್ಲ.

ದವಾಖಾನೆಯಿಂದ ಬಂದ ಮೇಲೆ ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ, ಪಟ್ಟಿ ಹರಿದ ಒಂದು ಚೀಲ ಹಿಡಿದುಕೊಂಡು ಮನ್ನಾಏಖೇಳ್ಳಿಗೆ ಹೋದೆ. ನೆಪವಿಲ್ಲದೆ ಹೋಗುವ ಧೈರ್ಯ ಅಂದೂ ಇರಲಿಲ್ಲ, ಇಂದೂ ಇಲ್ಲ. ಅಂಗಡಿಯಲ್ಲಿ ಕಾಕಾನ ಮಗಳು ಕೂತಿದ್ದಳು, ಆಗ ನನಗೆ ಚಹಾ ತಂದುಕೊಡುತ್ತಿದ್ದ ಹುಡುಗಿ. ಅದೇ ಮಶೀನು, ಅದೇ ಬುದ್ಧನ ಚಿತ್ರ, ಪಕ್ಕದಲ್ಲಿ ಕಾಕಾನ ಫೋಟೋ. ಚೀಲ ಕೈಗೆ ತೆಗೆದುಕೊಂಡು ನನ್ನ ಮುಖ ನೋಡಿದಳು. ನೀವು ದೋಣಿಯ ಮಾಸ್ತರ್ ಅಲ್ಲವೇ ಎಂದು ಕೇಳಿ, ನಾನು ಹೌದೆಂದ ಮೇಲೆ ಸ್ಟೂಲು ಒರೆಸಿ ಹಾಕಿದಳು. ಪಟ್ಟಿ ಕತ್ತರಿಸುತ್ತಾ ತಾನಾಗಿಯೇ ಮಾತು ತೆಗೆದಳು.

“ಅಪ್ಪ ಸಾಯೂತನ ಒಂದೇ ಮಾತ ಅಂತಿದ್ರಿ. ಮಾಸ್ತರಿಗಿ ನಾ ನೆಟ್ಟಗ ತಿಳಿಸಿ ಹೇಳಲಿಲ್ಲ, ಅದಕ್ಕ ಆ ಕೂಸು ಮುಳುಗತಿತ್ತು ಅಂತ.”

ಕಾಕಾ ಅದನ್ನು ನಿಜವಾಗಿ ನಂಬಿದ್ದರೋ, ಮಗಳೆದುರು ನನ್ನ ಮಾನ ಕಾಯಲು ಹೇಳಿದ್ದರೋ ನನಗೆ ಗೊತ್ತಿಲ್ಲ. ಎರಡರಲ್ಲಿ ಯಾವುದು ನಿಜವಾದರೂ ನನಗೆ ತಡೆದುಕೊಳ್ಳಲು ಆಗುವಂಥದಲ್ಲ. ಆದರೂ ಹೇಳಿದೆ.

“ಹೇಳಿದ್ರವ್ವ. ಎರಡ ಸಲ ಹೇಳಿದ್ರು. ನಾನೇ ಕಂಬಳ್ಯಾಗ ಕಟ್ಟಿದ್ದೆ.”

ಅವಳ ಕತ್ತರಿ ನಿಂತಿತು. ತಂದೆಯ ಫೋಟೋದ ಕಡೆ ಒಮ್ಮೆ ನೋಡಿದಳು.

“ಇದು ಅವ್ರಿಗಿ ಹೇಳಬೇಕಿತ್ರಿ ಸರ್.”

ಅಷ್ಟೇ ಅಂದು ಮಶೀನು ತುಳಿಯತೊಡಗಿದಳು. ಹೊಲಿದಾದ ಮೇಲೆ ಪಟ್ಟಿ ಮುಚ್ಚಿ, ಅಂಗೈಯಿಂದ ಒತ್ತಿ, ಚೀಲವನ್ನು ನನ್ನ ಮುಂದೆ ಇಟ್ಟಳು. ಹೋಗಿ ಬರುತ್ತೇನವ್ವ ಎಂದೆ. ಅವಳು ಮುಂದಿನ ಚೀಲ ಎತ್ತಿಕೊಂಡಳು.

ನಿನ್ನೆ ಮತ್ತೆ ದವಾಖಾನೆಗೆ ಹೋಗಿದ್ದೆ. ಚಳಿಯಿದ್ದರೂ ಸ್ವೆಟರ್ ತೆಗೆದು ಕೂತೆ. ಪಟ್ಟಿ ಸರಿಯಾಗಿ ಹಿಡಿಯಿತು. ನೋಡಿ ಮುಗಿಸಿದ ನರ್ಸಮ್ಮ ಅದರ ಅಂಚು ಹಿಡಿದು ಎತ್ತಿದಾಗ ಆ ಚರ್ರೆಂಬ ಸದ್ದಿಗೆ ನನ್ನ ಬಾಯಿಂದ ಏನೋ ಹೊರಟಿತು. ಏನಂದಿರಿ ಎಂದು ಅವರು ಕೇಳಿದರು. ಏನಿಲ್ಲ ಎಂದೆ. ನಾನು ಅಂದದ್ದು ಅವರಿಗಲ್ಲ. ಯಾರಿಗೆ ಅನ್ನಬೇಕಿತ್ತೋ ಆ ಮನುಷ್ಯ ಕೇಳಿ, ಕಾದು, ಹೋಗಿಯಾಗಿದೆ.

ಹೌದು ಕಾಕಾ, ಕಟ್ಟಿದ್ದೆ.