ಅಕ್ಕ ಆರಿಸಿದ ಪಿಸ್ತೂಲು

ದೀಪಾವಳಿಯ ಹೊಲಿಗೆಗೆಂದು ಮೊಮ್ಮಗಳು ಯಂತ್ರದ ಮುಸುಕು ತೆಗೆದಳು. ಚಕ್ರ ತಿರುಗಲೊಲ್ಲದು. ಆಯುಧಗಳನ್ನು ಪೂಜಿಸುವ ಖಂಡೇಪೂಜೆಯ ದಿನ ಅದಕ್ಕೆ ಮೈತುಂಬ ಮೈಲಾರಲಿಂಗನ ಭಂಡಾರದ ಅರಿಸಿನ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಯಂತ್ರದ ಎಣ್ಣೆ ತೀರಿದೆಯೆಂದು ಅಡುಗೆಮನೆಯ ಕುಸುಬಿ ಎಣ್ಣೆಯನ್ನೇ ತೂತುಗಳಿಗೆಲ್ಲ ಧಾರಾಳವಾಗಿ ಬಿಟ್ಟಿದ್ದಳು. ಭಕ್ತಿಯಲ್ಲಿ ಈ ಹುಡುಗಿ ನಮ್ಮ ಅತ್ತೆಯನ್ನೂ ಮೀರಿಸುತ್ತಾಳೆ. ನಾನು ಚಿಮಣಿ ಎಣ್ಣೆಯಲ್ಲಿ ಬಟ್ಟೆ ಅದ್ದಿ ಒರೆಸತೊಡಗಿದೆ. ಬೆಲ್ಲದ ಪಾಕದಂಥ ಹಳದಿ ಅಂಟು ಬಟ್ಟೆಗೆ ಬಂತು. ಅರಿಸಿನ, ಜಿಡ್ಡೆಣ್ಣೆ, ಕಬ್ಬಿಣ, ಎಲ್ಲವೂ ಕೂಡಿದ ಒಂದು ವಾಸನೆ... ಬಟ್ಟೆಯನ್ನು ಅಲ್ಲೇ ಬಿಟ್ಟು ಸ್ವಲ್ಪ ಹೊತ್ತು ಹೊರಗೆ ಹೋಗಿ ಕುಳಿತೆ.

ಅಕ್ಕನ ಕೈಗೆ ಇದೇ ವಾಸನೆ ಇತ್ತು.

ಅಕ್ಕ ಎಂದರೆ ನನ್ನ ಹಿರಿಯ ನೆಗೆಣ್ಣಿ, ನಮ್ಮ ಮನೆಯವರ ಅಣ್ಣನ ಹೆಂಡತಿ. ತವರು ಮಂದ್ರೂಪ. ಹೆಚ್ಚು ಮಾತಾಡುವವಳಲ್ಲ. ರೊಟ್ಟಿ ಬಡಿಯುವಾಗ ಅವಳ ಕೈಯ ಸಪ್ಪಳ ಕೇಳಿದರೆ ಮನೆಯಲ್ಲಿ ಜನ ಇದ್ದಾರೆ ಎನಿಸುತ್ತಿತ್ತು, ಅಷ್ಟೇ. ನಾನು ಸೊಲ್ಲಾಪುರದಿಂದ ಆ ಮನೆಗೆ ಸೊಸೆಯಾಗಿ ನಡೆಯಲು ಬಂದಾಗ ಅವಳ ಹಣೆ ಆಗಲೇ ಬರಿದಾಗಿತ್ತು. ನಮ್ಮ ಭಾವನವರನ್ನು ನಾನು ಕಂಡವಳೇ ಅಲ್ಲ.

ನಮ್ಮದು ಅಕ್ಕಲಕೋಟೆ ಸಂಸ್ಥಾನದ ಹಳ್ಳಿ, ಮೊಗಲಾಯಿಗೆ ಅಂಟಿಕೊಂಡಿತ್ತು. ನಿಜಾಮನ ಸೀಮೆಗೆ ನಾವು ಮೊಗಲಾಯಿ ಎನ್ನುತ್ತಿದ್ದೆವು. ಅಲ್ಲಿಂದ ದರೋಡೆಯ ಗುಂಪೊಂದು ಬಂದು ದನ ಹೊಡೆದುಕೊಂಡು, ಕಾಳು ಹೇರಿಕೊಂಡು ಹಳ್ಳ ದಾಟಿಬಿಡುತ್ತಿತ್ತು. ಹಳ್ಳ ದಾಟಿದ ಮೇಲೆ ನಮ್ಮ ಫೌಜದಾರನ ಪಾಲಿಗೆ ಅವರು ಇಲ್ಲವೇ ಇಲ್ಲ. ಭಾವನವರು ಊರ ಪಾಟೀಲರು. ಆ ಗುಂಪಿನ ಒಬ್ಬನನ್ನು ಕಚೇರಿಯಲ್ಲಿ ಗುರುತಿಸಿ ಸಾಕ್ಷಿ ಹೇಳಿದರು. ಅವನಿಗೆ ಶಿಕ್ಷೆಯಾಯಿತು, ಇವರಿಗೆ ಮುಯ್ಯಿ ಉಳಿಯಿತು. ಆಗಲೇ ಮಾವನವರು ಓಡಾಡಿ ಸಂಸ್ಥಾನದಿಂದ ಒಂದು ಪಿಸ್ತೂಲಿನ ಪರವಾನಗಿ ತಂದರು. ತನ್ನ ದೇಶಕ್ಕೆ ಮರಳುತ್ತಿದ್ದ ಗಿರಣಿಯ ಬಿಳಿ ಸಾಹೇಬನೊಬ್ಬನ ವಿಲಾಯತಿ ಪಿಸ್ತೂಲು ಸೊಲ್ಲಾಪುರದಲ್ಲಿ ಸಿಕ್ಕಿತು. ಒಂದು ಗುಂಡು ಹಾರಿದರೆ ಎರಡನೆಯದನ್ನು ತಾನೇ ಎಳೆದುಕೊಂಡು ತಯಾರಾಗುವಂಥದು. ಭಾವನವರು ಅದನ್ನು ಸೊಂಟಕ್ಕೆ ಸಿಗಿಸಿಕೊಂಡು ತಿರುಗುತ್ತಿದ್ದರಂತೆ. ತೋಟಾ ಸಿಗುವುದೇ ಕಷ್ಟ, ಹಾಗಾಗಿ ಹಾರಿಸಿ ನೋಡುವ ಗೋಜಿಗೆ ಹೋಗಲಿಲ್ಲ.

ಆ ವರ್ಷದ ಜೋಳದ ಸುಗ್ಗಿಯಲ್ಲಿ, ಉರಿಬಿಸಿಲಿನಲ್ಲಿ, ಹಳ್ಳದ ದಂಡೆಯ ಮೇಲೆ ಆ ಗುಂಪಿನವರು ಭಾವನವರನ್ನು ಅಡ್ಡಗಟ್ಟಿದರು. ಮೊದಲ ಗುಂಡು ಹಾರಿತು. ಎರಡನೆಯದು ಹಾರಲಿಲ್ಲ. ಹಾರಿದ ತೋಟಾದ ಖಾಲಿ ಕೋಶ ಹೊರಗೆ ಬೀಳಬೇಕಾದಾಗ ಪಿಸ್ತೂಲಿನ ಮೇಲಿನ ಭಾಗ ಹಿಂದೆ ಸರಿದು ಅರ್ಧಕ್ಕೇ ನಿಂತುಬಿಟ್ಟಿತ್ತು. ಅದನ್ನು ಎರಡೂ ಕೈಯಿಂದ ಜಗ್ಗುತ್ತಿರುವಾಗಲೇ ಅವರಿಗೆ ಕೊಡಲಿ ಬಿತ್ತು. ಹೆಣದ ಜೊತೆ ಪಿಸ್ತೂಲೂ ಮನೆಗೆ ಬಂತು, ಹಾಗೇ ಅರ್ಧ ತೆರೆದ ಬಾಯಿಯಲ್ಲಿ...

ಪಾಟೀಲಕಿ ನಮ್ಮ ಮನೆಯವರ ಹೆಗಲಿಗೆ ಬಂತು. ನನ್ನ ಕೈಯ ಹಸಿರು ಬಳೆಗಳು ಇನ್ನೂ ಹೊಸವು. ಹೊಸ ಪಾಟೀಲನಿಗೂ ಒಂದು ದಿನ ಗೊತ್ತು ಮಾಡಿದ್ದೇವೆಂದು ಗಡಿಯ ಆಚೆಯಿಂದ ಸುದ್ದಿ ಬಂತು. ಕುರಿ ಕಾಯುವವರು ಅದನ್ನು ನೀರಿನ ಸುದ್ದಿ, ಹುಲ್ಲಿನ ಸುದ್ದಿ ಹೇಳಿದಷ್ಟೇ ಸಹಜವಾಗಿ ಹೇಳಿಹೋದರು. ಅಂದಿನಿಂದ ನಮ್ಮ ಮನೆಯವರು ಹೊಲಕ್ಕೆ ಹೊರಟರೆ ನನಗೆ ಊಟ ಸೇರುತ್ತಿರಲಿಲ್ಲ. ಅತ್ತೆ ದೇವರ ಮುಂದೆ ಕೂರುತ್ತಿದ್ದರು, ನಾನು ಬಾಗಿಲಲ್ಲಿ ನಿಲ್ಲುತ್ತಿದ್ದೆ.

ಹಾಗಾದರೆ ಅವರ ಸೊಂಟದಲ್ಲಿ ಯಾವ ಪಿಸ್ತೂಲು ಇರಬೇಕು? ಮನೆಯಲ್ಲಿ ಮೂರು ತಿಂಗಳು ಅದೇ ಮಾತು. ಅಕ್ಕಲಕೋಟೆಯಲ್ಲಿ ಹತಾರ ಮಾಡುವ ಒಬ್ಬ ಕಸಬುದಾರ ವಿಲಾಯತಿಯದನ್ನು ನೋಡಿ ಅಂಥದೇ ದೇಶಿ ಪಿಸ್ತೂಲು ಮಾಡಿಕೊಟ್ಟಿದ್ದ. ನೋಡಲು ಬಹಳ ಚೆಂದ. ಹಿಡಿಗೆ ಶೀಸಂ ಕಟ್ಟಿಗೆ, ಅದರ ಮೇಲೆ ಬೆಳ್ಳಿಯ ಹೂಬಳ್ಳಿ. ಪರವಾನಗಿ ಒಂದೇ ಆದ್ದರಿಂದ ಎರಡರಲ್ಲಿ ಒಂದನ್ನು ಬರೆಸಿ ಇನ್ನೊಂದನ್ನು ಬಿಡಬೇಕಾಗಿತ್ತು. ಮಾವನವರು ದೇಶಿಯೇ ಇರಲಿ ಎಂದರು. ಮಗನನ್ನು ನಡುನೀರಿನಲ್ಲಿ ಕೈಬಿಟ್ಟ ವಸ್ತು ಮನೆಯಲ್ಲಿ ಬೇಡ, ಬಾವಿಗೆ ಹಾಕಿ ಎನ್ನುವುದು ಅತ್ತೆಯ ಹಟ. ನಮ್ಮ ಮನೆಯವರದು ಇನ್ನೊಂದು ರಾಗ. ಅವರು ಸೊಲ್ಲಾಪುರದ ಚೌಕದಲ್ಲಿ ಪರದೇಶಿ ಬಟ್ಟೆಯ ಹೋಳಿಗೆ ತಮ್ಮ ಮದುವೆಯ ಜರತಾರಿ ರುಮಾಲನ್ನೇ ಎಸೆದು ಬಂದವರು. ಮೈಮೇಲೆ ಖಾದಿ, ಸೊಂಟಕ್ಕೆ ಪಿಸ್ತೂಲು, ಅದೂ ಸ್ವದೇಶಿಯೇ ಆಗಬೇಕು! ನನಗೆ ನಗು ಬರುತ್ತಿತ್ತು, ಆದರೆ ಹೆದರಿಕೆ ನಗುವನ್ನು ತುಟಿ ದಾಟಗೊಡುತ್ತಿರಲಿಲ್ಲ.

ಅಕ್ಕ ಒಬ್ಬಳೇ ದೇಶಿ ಬೇಡ ಅಂದಳು. ಎರಡನ್ನೂ ಹಾರಿಸಿ ನೋಡಿರಿ ಎಂದು ಬಾಗಿಲ ಹಿಂದಿನಿಂದ ಹೇಳಿ ಕಳಿಸಿದಳು. ವಿಧವೆ ಸೊಸೆ ಪಿಸ್ತೂಲಿನ ಮಾತಾಡುವುದೇ ಎಂದು ಮನೆಯೆಲ್ಲ ಮುಖ ಸಿಂಡರಿಸಿತು. ಆದರೂ ಮಾವನವರು ಒಪ್ಪಿ, ಹೇಗೋ ಓಡಾಡಿ ತೋಟಾ ತರಿಸಿದರು.

ಒಂದು ದಿನ ಬೆಳಗಿನ ಬಿಸಿಲಿಗೆ ಒಣ ಹಳ್ಳದಲ್ಲಿ ಒಡಕು ಗಡಿಗೆಗಳನ್ನು ಸಾಲಾಗಿಟ್ಟರು. ಅಕ್ಕನೂ ನಾನೂ ಮಾಳಿಗೆಯ ಮೇಲೆ ನಿಂತೆವು. ದೇಶಿಯದು ಎರಡು ಗುಂಡು ಚೆನ್ನಾಗಿ ಹಾರಿಸಿ ಮೂರನೆಯದಕ್ಕೆ ಸಿಕ್ಕಿಕೊಂಡಿತು. ಬಿಡಿಸಿದರು. ಮತ್ತೆ ಹಾರಿತು, ಮತ್ತೆ ಸಿಕ್ಕಿಕೊಂಡಿತು. ಒಳಗಿನ ಸ್ಪ್ರಿಂಗಿಗೆ ತ್ರಾಣ ಸಾಲದು ಎಂದು ಯಾರೋ ಅಂದರು. ವಿಲಾಯತಿಯದು ತುಂಬಿದಷ್ಟನ್ನೂ ತಡವರಿಸದೆ ಹಾರಿಸಿತು. ಅಕ್ಕ ಕಣ್ಣು ಮುಚ್ಚಿಕೊಂಡು ಪ್ರತಿ ಸಪ್ಪಳವನ್ನೂ ಕೇಳುತ್ತಿದ್ದಳು. ಕೊನೆಯ ಗುಂಡು ಹಾರಿದಾಗ ಅವಳ ಮುಖ ಬೂದಿಯಾಗಿತ್ತು. ಗೆದ್ದವಳ ಮುಖ ಹಾಗಿರುತ್ತದೆಯೇ ಎಂದು ನನಗೆ ಸೋಜಿಗವಾಯಿತು.

ಇಷ್ಟೆಲ್ಲ ನೋಡಿಯೂ ಗಂಡಸರು ಪಡಸಾಲೆಯಲ್ಲಿ ಕುಳಿತು ಮತ್ತೆ ದೇಶಿಗೇ ಬಂದರು. ಹೊಸದು, ಬಳಸುತ್ತ ಬಳಸುತ್ತ ಸಡಿಲಾಗುತ್ತದೆ ಎಂದರು. ಮಾವನವರ ಮಾತೇ ಕೊನೆಯದು. "ಇವತ್ತ ಹಾರಿದ್ರ ಏನಾತು? ಬೇಕಾದ ದಿನಾ ಹಾರಲಿಲ್ಲಲ್ಲ. ಒಮ್ಮಿ ಕೈ ಕೊಟ್ಟಿದ್ದನ್ನ ಸಣ್ಣ ಮಗನ ಕೈಯಾಗ ನಾ ಹ್ಯಾಂಗ ಕೊಡ್ಲಿ?"

ಮಾತು ಮುಗಿದಂತಾಯಿತು. ಎಲ್ಲರೂ ಏಳತೊಡಗಿದ್ದರು. ಆಗ ಅಕ್ಕ ಬಾಗಿಲ ಮರೆ ಬಿಟ್ಟು ಪಡಸಾಲೆಗೆ ಬಂದಳು. ಸೆರಗು ಹಣೆಯವರೆಗೆ ಎಳೆದುಕೊಂಡಿದ್ದಳು. ಮಾವನವರ ಎದುರಿಗೆ ಅವಳು ಹಾಗೆ ಬಂದು ನಿಂತದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಮಾವಾರ, ಆ ಪಿಸ್ತೂಲದ ತಪ್ಪಿಲ್ಲರಿ," ಅಂದಳು. "ಖಂಡೇಪೂಜಿ ದಿನಾ ನಾನಽ ಅದರ ಬಾಯಿ ಜಗ್ಗಿ ಒಳಗ ಭಂಡಾರ ಹಾಕಿದ್ದೆ. ಮ್ಯಾಲ ಕುಸುಬಿ ಎಣ್ಣಿ ಬಿಟ್ಟಿದ್ದೆ. ಮೈಲಾರಲಿಂಗ ಒಳಗೂ ಇರಲಿ, ಅವರನ್ನ ಕಾಯಲಿ ಅಂತ... ಅದು ಒಣಗಿ ಅಂಟಾಗಿತ್ತರಿ."

"ನಿನಗ ಹ್ಯಾಂಗ ಗೊತ್ತವಾ?" ಮಾವನವರ ದನಿ ಕೇಳಿಸಲಾರದಷ್ಟು ಸಣ್ಣದಾಗಿತ್ತು.

"ಆಮ್ಯಾಲ ತೊಳದಾಕಿ ನಾನಽರಿ. ಚಿಮಣಿ ಎಣ್ಣ್ಯಾಗ ಅದ್ದಿದೆ, ಹಳದಿ ಹೊರಗ ಬಂತು."

ಎಷ್ಟೋ ತಿಂಗಳು ಅವಳು ಆ ಹಳದಿಯನ್ನು ಯಾರಿಗೂ ಹೇಳದೆ ಎದೆಯಲ್ಲಿಟ್ಟುಕೊಂಡು ನಮಗೆ ರೊಟ್ಟಿ ಬಡಿದು ಹಾಕಿದ್ದಳು. ಹೇಳದೇ ಇದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ದೇಶಿ ಪಿಸ್ತೂಲು ನಮ್ಮ ಮನೆಯವರ ಸೊಂಟಕ್ಕೆ ಹೋಗುತ್ತಿತ್ತು, ವಿಲಾಯತಿಯದು ಬಾವಿಯ ತಳ ಕಾಣುತ್ತಿತ್ತು, ಅಕ್ಕ ಆ ಮನೆಯ ಹಿರಿಯ ಸೊಸೆಯಾಗಿಯೇ ಉಳಿಯುತ್ತಿದ್ದಳು. ಇದೆಲ್ಲ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ದೇವರ ಕೋಣೆಯಿಂದ ಅತ್ತೆ ಎದ್ದು ಬಂದರು. ಕೂಗಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. "ನನ್ನ ಮಗನ್ನ ನೀನಽ ತಿಂದೆಲ್ಲಽ," ಅಂದರು, ಅಷ್ಟೇ. ಅದೇ ಅತ್ತೆಯೇ ಪ್ರತಿ ವರ್ಷ ಎದುರು ಕುಳಿತು ಕೊಡಲಿಗೆ ಕುಡುಗೋಲಿಗೆ ಭಂಡಾರ ಬಳಿಸುತ್ತಿದ್ದವರು. ಕೈ ಬಿಗಿ ಹಿಡಿಯಬೇಡ, ತುಂಬ ಹಚ್ಚು ಎಂದು ಹೇಳಿಕೊಟ್ಟವರೂ ಅವರೇ. ಅದನ್ನು ಅಂದು ಯಾರೂ ನೆನಪಿಸಲಿಲ್ಲ. ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಮರುದಿನದಿಂದ ಅವಳ ಕೈಯ ನೀರನ್ನು ಅತ್ತೆ ಮುಟ್ಟಲಿಲ್ಲ. ಅಮಾವಾಸ್ಯೆಯೊಳಗೆ ಮಂದ್ರೂಪದಿಂದ ಅವಳ ಅಣ್ಣ ಬಂಡಿ ತಂದ. ಹೊರಡುವ ಮುಂಜಾನೆ ಅಕ್ಕ ನನ್ನನ್ನು ಹಿತ್ತಲಿಗೆ ಕರೆದು ಪಿಸ್ತೂಲು ಬಿಚ್ಚಿ ತೊಳೆದು ಒರೆಸುವುದನ್ನು ಕಲಿಸಿದಳು. ಅವಳ ಬೆರಳಿನಲ್ಲಿ ಆ ವಾಸನೆ ಇತ್ತು.

"ಪಿಸ್ತೂಲದ ಎಣ್ಣಿ ಬ್ಯಾರೆ ಸಿಗತೈತಿ, ಸೊಲ್ಲಾಪುರದಿಂದ ತರಸು. ಒಂದ ಹನಿ ಸಾಕು. ಭಂಡಾರ ಮಾತ್ರ ಬ್ಯಾಡ. ದೇವರು ಸಿಟ್ಟಾಗೂದಿಲ್ಲವಾ," ಅಂದಳು.

ಬಂಡಿ ಹತ್ತುವಾಗ ತಿರುಗಿ ನೋಡಲಿಲ್ಲ. ಅವಳಿಗೆ ಬುತ್ತಿ ಕಟ್ಟಿಕೊಟ್ಟವಳು ನಾನೊಬ್ಬಳೇ.

ಪರವಾನಗಿಯಲ್ಲಿ ವಿಲಾಯತಿಯದೇ ಉಳಿಯಿತು. ಸ್ವದೇಶಿ ವ್ರತಕ್ಕೆ ಅದೊಂದು ರಿಯಾಯಿತಿ ಎಂದು ನಮ್ಮ ಮನೆಯವರು ಹೇಳಿಕೊಂಡರು, ಆದರೆ ಆ ಮಾತಿನಲ್ಲಿ ನಗು ಇರಲಿಲ್ಲ. ಪ್ರತಿ ಅಮಾವಾಸ್ಯೆಗೆ ನಾನು ಅದನ್ನು ಬಿಚ್ಚಿ ತೊಳೆಯುತ್ತಿದ್ದೆ. ಖಂಡೇಪೂಜೆ ಬಂದಾಗ ಅದನ್ನು ದೇವರ ಜಗಲಿಯ ಮೇಲಿಡಲು ಬಿಡಲಿಲ್ಲ, ನನ್ನ ಸೀರೆಯ ಪೆಟ್ಟಿಗೆಯಲ್ಲಿ ಮುಚ್ಚಿಟ್ಟೆ. ಸೊಲ್ಲಾಪುರದವಳಿಗೆ ದೇವರಿಲ್ಲ ದಿಂಡರಿಲ್ಲ ಎಂದು ಊರು ಆಡಿಕೊಂಡಿತು.

ಮರು ವರ್ಷದ ಸುಗ್ಗಿಯಲ್ಲಿ ಆ ಗುಂಪಿನವರು ಬಂದರು. ಅದೇ ಹಳ್ಳದ ದಂಡೆ, ಹಾಗೆಯೇ ನಡುಮಧ್ಯಾಹ್ನ. ನಾನು ಬಾಗಿಲಲ್ಲಿ ನಿಂತವಳು ಸಪ್ಪಳ ಕೇಳಿದೆ. ಒಂದು... ಆಮೇಲೆ ಎರಡನೆಯದು ಕೇಳುವವರೆಗಿನ ಹೊತ್ತು ಎಷ್ಟೆಂದು ನಾನು ಹೇಳಲಾರೆ. ಎರಡನೆಯದೂ ಕೇಳಿತು. ಅದರ ಹಿಂದೆ ಉಳಿದವು ಸಾಲಾಗಿ ಬಂದವು. ಸ್ವಲ್ಪ ಹೊತ್ತಿನ ಮೇಲೆ ನಮ್ಮ ಮನೆಯವರು ನಡೆದುಕೊಂಡೇ ಬಂದರು, ಖಾದಿಯೆಲ್ಲ ಮಣ್ಣು, ಮೈಮೇಲೆ ಗಾಯವಿಲ್ಲ. ಬಂದವರಲ್ಲಿ ಒಬ್ಬನ ತೊಡೆಗೆ ಗುಂಡು ತಗುಲಿತ್ತು, ಉಳಿದವರು ಅವನನ್ನು ಹೊತ್ತುಕೊಂಡು ಗಡಿ ದಾಟಿದ್ದರು. ಆ ಗುಂಪು ಮತ್ತೆ ನಮ್ಮ ಊರಿನ ಕಡೆ ಬರಲಿಲ್ಲ. ಅತ್ತೆ ಆರತಿ ಎತ್ತಿ, ಮೈಲಾರಲಿಂಗ ಕಾಯ್ದ ಎಂದು ನೆಲಕ್ಕೆ ಹಣೆ ಹಚ್ಚಿ ಅತ್ತರು. ಅಕ್ಕನ ಹೆಸರನ್ನು ಯಾರೂ ಎತ್ತಲಿಲ್ಲ.

ನಾನು ತವರಿಗೆ ಹೋಗುವ ನೆವ ಮಾಡಿ ಮಂದ್ರೂಪಕ್ಕೆ ಹೋದೆ. ಅವಳಿಗೆ ಮೊದಲು ಹೇಳಬೇಕಾದವಳು ನಾನು ಎನಿಸಿತ್ತು. ಅಕ್ಕ ಅಣ್ಣನ ಮನೆಯ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಬಹಳ ಸೊರಗಿದ್ದಳು. ನನ್ನ ಹಣೆಯ ಕುಂಕುಮ ನೋಡಿ ಅರ್ಧ ವಿಷಯ ತಿಳಿದುಕೊಂಡಳು, ತುಟಿಯ ಅಂಚಿನಲ್ಲಿ ನಗು ಬಂತು. ಮೊರ ಕೆಳಗಿಟ್ಟು ಕೇಳಿದಳು:

"ಎಲ್ಲಾ ಹಾರಿದ್ವಾ?"

"ಎಲ್ಲಾ ಹಾರಿದ್ವು ಅಕ್ಕಾ. ಒಂದೂ ನಿಲ್ಲಲಿಲ್ಲರಿ," ಅಂದೆ. ಅವಳ ಕಾಲು ಮುಟ್ಟಿ ಹೇಳಿದೆ. ನನ್ನ ಸಂತೋಷ ನನಗೆ.

ಅವಳ ನಗು ಹಾಗೇ ನಿಂತಿತು. "ಹಂಗಾರ ನಾನಽ..." ಅಂದಳು. ಸೆರಗನ್ನು ಬಾಯಿಗೆ ಒತ್ತಿಕೊಂಡು ಜೋಳದ ರಾಶಿಯ ಮೇಲೆ ಬಾಗಿದಳು. ಗಂಡ ಸತ್ತಾಗಲೂ ಅವಳು ಅಷ್ಟು ಅತ್ತಿರಲಿಲ್ಲವೆಂದು ಆಮೇಲೆ ಅವಳ ಅಣ್ಣನ ಹೆಂಡತಿ ಹೇಳಿದಳು. ತಾನೇ ಕಂಡು, ತಾನೇ ಎಲ್ಲರೆದುರು ಹೇಳಿದ್ದರೂ ಎಲ್ಲೋ ಒಂದು ಕಡೆ ಅವಳಿಗೆ ಆಸೆ ಉಳಿದಿತ್ತು. ಪಿಸ್ತೂಲೇ ಕೆಟ್ಟದ್ದಿರಬಹುದು, ತೋಟಾಕ್ಕೆ ತೇವ ಹಿಡಿದಿರಬಹುದು, ಬರಿ ಭಂಡಾರವೇ ಇರಲಿಕ್ಕಿಲ್ಲ ಎಂಬ ಆಸೆ. ಮೈದುನ ಬದುಕಲಿ ಎಂದೂ ಬೇಡಿದ್ದಳು, ಈ ಆಸೆಯನ್ನೂ ಬಿಟ್ಟಿರಲಿಲ್ಲ. ಎರಡೂ ಉಳಿಯುವಂತಿರಲಿಲ್ಲ. ನಾನು ಹೊತ್ತು ತಂದ ಒಳ್ಳೆಯ ಸುದ್ದಿಯೇ ಅದನ್ನು ಮುಗಿಸಿತು.

ನಾನು ಅವಳ ಬೆನ್ನ ಮೇಲೆ ಕೈಯಿಟ್ಟು ಕುಳಿತೆ. ಬಿಸಿಲು ಅಂಗಳ ದಾಟುವವರೆಗೆ ಹಾಗೇ ಕುಳಿತಿದ್ದೆವು...

ಅಕ್ಕ ಅದಾದ ಮೇಲೆ ಹೆಚ್ಚು ವರ್ಷ ಬದುಕಲಿಲ್ಲ. ಮಣ್ಣಾದ ಮೇಲೆ ನಮಗೆ ಸುದ್ದಿ ಬಂತು. ಸಂಸ್ಥಾನ ಹೋಯಿತು, ಪಿಸ್ತೂಲು ಕಚೇರಿಗೆ ಹೋಯಿತು. ನಾವು ಸೊಲ್ಲಾಪುರಕ್ಕೆ ಬಂದೆವು. ನಮ್ಮ ಮನೆಯವರು ಹಲ್ಲೆಲ್ಲ ಉದುರಿ, ಮೊಮ್ಮಕ್ಕಳನ್ನು ಆಡಿಸಿ, ಹಾಸಿಗೆಯ ಮೇಲೆ ನಿದ್ದೆಯಲ್ಲೇ ತೀರಿಕೊಂಡರು. ಪುಣ್ಯವಂತರ ಸಾವು ಎಂದು ಬಂದವರೆಲ್ಲ ಅಂದರು.

ಯಂತ್ರ ಮತ್ತೆ ಓಡತೊಡಗಿದೆ. ಮೊಮ್ಮಗಳು ಮರಾಠಿ ಸಾಲಿಯಲ್ಲಿ ಓದಿದವಳು, ನಾನು ಬರೆಯುತ್ತಿರುವ ಇದನ್ನು ಓದಲಾರಳು. ನಿನ್ನೆ ಯಂತ್ರ ಸರಿಹೋದ ಖುಷಿಗೆ ಮತ್ತೆ ಭಂಡಾರದ ಬಟ್ಟಲು ತಂದಳು. ನಾನು ಅವಳ ಕೈ ಹಿಡಿದೆ.

"ಹೊರಗ ಒಂದ ಬೊಟ್ಟು ಹಚ್ಚು ಸಾಕು. ಒಳಗ ಬ್ಯಾಡ."

"ಕಾ ಗಂ ಆಜಿ?" ಅಂದಳು. ಯಾಕಜ್ಜಿ ಎಂದು ಕೇಳುವುದು ಅವಳಿಗೆ ಹೀಗೇ ಬರುವುದು.

ಹೇಳಲು ಬಾಯಿ ತೆರೆದೆ. ಅವಳು ಉತ್ತರಕ್ಕೆ ಕಾಯದೆ ಬೊಟ್ಟಿಟ್ಟು ಹೊಲಿಯತೊಡಗಿದ್ದಳು. ನಾನು ಹಳದಿ ಮೆತ್ತಿದ ಆ ಬಟ್ಟೆಯನ್ನು ಒಲೆಗೆ ಹಾಕಿ ಕೈ ತೊಳೆದುಕೊಂಡೆ. ಸಾಬೂನು ಹಚ್ಚಿ ಎರಡು ಸಲ ತೊಳೆದರೂ ಅಕ್ಕನ ಕೈಯ ವಾಸನೆ ಹೋಗಿರಲಿಲ್ಲ. ಮೂರನೆಯ ಸಲ ತೊಳೆಯಲಿಲ್ಲ.